ನಿಘಂಟುಕಾರ ಕಿಟೆಲರ ತಾಳ್ಮೆ

ಜೂನ್ ತಿಂಗಳ ಒಂದು ಭಾನುವಾರ, ಬಲಿಪೂಜೆ ಮುಗಿದು ಜನರೆಲ್ಲ ಕೊಡೆ ಬಿಚ್ಚಿ ಮನೆಯ ದಾರಿ ಹಿಡಿದ ಮೇಲೆ, ಜೋಯಿಡಾ ಕಡೆಯ ಹಳ್ಳಿಯೊಂದರಲ್ಲಿ ಪಾಠ ಹೇಳುವ ಶಿಕ್ಷಕಿಯೊಬ್ಬರು ನಮ್ಮಲ್ಲಿಗೆ ಬಂದರು. ಮಕ್ಕಳು ಅವರನ್ನು ಅಕ್ಕೋರು ಎಂದು ಕರೆಯುತ್ತಾರೆ. ಊರವರೂ ಹಾಗೆಯೇ ಕರೆಯುತ್ತಾರೆ. ಪಾಪನಿವೇದನೆಗೆಂದು ಬಂದವರಲ್ಲ, ದೂರು ಹೇಳಿಕೊಳ್ಳಲು ಬಂದವರೂ ಅಲ್ಲ. ಆದರೆ ಮಾತು ತೊಡಗಿದ ಮೇಲೆ ಎರಡೂ ಬೆರೆತುಹೋದವು. ಹಳ್ಳದ ಮೇಲಿನ ಕಾಲುಸಂಕ ತೇಲಿಹೋಗಿ ಮಕ್ಕಳು ವಾರದಿಂದ ಶಾಲೆಯ ಮುಖ ಕಂಡಿಲ್ಲ. ಬಂದವರಲ್ಲಿ ದೊಡ್ಡವರನ್ನು ತಂದೆತಾಯಿಗಳು ನಾಟಿಗೆ ಕರೆದೊಯ್ಯುತ್ತಾರೆ. ಒಂದೇ ಲೆಕ್ಕವನ್ನು ಪುಸ್ತಕದಲ್ಲಿ ಒಮ್ಮೆ, ಮೊಬೈಲಿನಲ್ಲಿ ಒಮ್ಮೆ ಬರೆಯಬೇಕು. ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಇದೆಲ್ಲಕ್ಕಿಂತ ಹೆಚ್ಚಾಗಿ, ಒಂದನೆಯ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ಮರಾಠಿ. ಅವರು ಹೇಳುವ ಕನ್ನಡ ಪದಕ್ಕೆ ಮಕ್ಕಳು ಕಣ್ಣು ಬಿಟ್ಟು ನೋಡುತ್ತಾರೆ. ಇಪ್ಪತ್ತು ವರ್ಷಗಳಿಂದ ಇದೇ ನಡೆದಿದೆ. ರಾತ್ರಿ ಜಪಸರ ಹಿಡಿದರೆ ಮನಸ್ಸು ರಹಸ್ಯಗಳ ಧ್ಯಾನವನ್ನು ಬಿಟ್ಟು ಹಾಜರಿಪುಸ್ತಕದ ಕಡೆ ಓಡುತ್ತದೆ, ಇದು ಪಾಪವೇ ಎಂದು ಕೇಳಿದರು.

ದೇವರು ಎಲ್ಲವನ್ನೂ ಕಾಣುತ್ತಾನೆ ಎಂದು ನಾವು ಉತ್ತರಿಸಿದೆವು. ಅದು ಸತ್ಯವೇ ಆದರೂ ಆ ಹೊತ್ತಿಗೆ ಅದರಿಂದ ಅವರಿಗೆ ಏನೂ ದಕ್ಕಲಿಲ್ಲವೆಂಬುದು ಅವರ ಮುಖದಲ್ಲಿಯೇ ತಿಳಿಯುತ್ತಿತ್ತು. ಅವರು ಹೋದ ಮೇಲೆ ನಮ್ಮ ಕಪಾಟಿನಲ್ಲಿದ್ದ ಕಿಟೆಲ್ ಕೋಶದ ಸಂಪುಟಗಳ ಮೇಲೆ ಕಣ್ಣು ಬಿತ್ತು. ಅಂದು ಕೊಡಲಾಗದ ಉತ್ತರಕ್ಕೆ ಬದಲಾಗಿ ಒಬ್ಬ ಮನುಷ್ಯನ ಬಾಳನ್ನಾದರೂ ಹೇಳಬಹುದಿತ್ತಲ್ಲ ಎನಿಸಿತು. ಅದನ್ನೇ ಈ ವಾರ ಇಲ್ಲಿ ಹೇಳುತ್ತಿದ್ದೇವೆ.

ಕಥೋಲಿಕ ಅಂಕಣದಲ್ಲಿ ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಚರಿತ್ರೆ ಏಕೆ ಎಂದು ಹಿರಿಯ ಓದುಗರು ಕೇಳಬಹುದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರಿನಲ್ಲಿ ಕ್ರೈಸ್ತ ಐಕ್ಯದ ಕುರಿತು ಹೊರಡಿಸಿದ ಆದೇಶವು, ನಮ್ಮಿಂದ ಅಗಲಿದ ಸಹೋದರರಲ್ಲಿ ಕಂಡುಬರುವ ಕ್ರಿಸ್ತನ ಸಂಪತ್ತನ್ನು ಸಂತೋಷದಿಂದ ಗುರುತಿಸಬೇಕೆಂದು ಕಲಿಸಿತು. ಆ ಮಾತು ಹಾಗಿರಲಿ. ನಮ್ಮ ಮಕ್ಕಳು ಓದುವ ಕನ್ನಡದ ಬೆನ್ನ ಹಿಂದೆ ಈ ಮನುಷ್ಯನ ನಲವತ್ತು ವರ್ಷಗಳ ದುಡಿಮೆಯಿದೆ. ಅಷ್ಟು ಕಾರಣವೇ ಸಾಕು.

ಫರ್ಡಿನಾಂಡ್ ಕಿಟೆಲರು 1832ರ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಕರಾವಳಿಯ ಓಸ್ಟ್‌ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಪುಟ್ಟ ಊರಿನಲ್ಲಿ ಜನಿಸಿದರು. ತಂದೆ ಲೂಥರನ್ ಸಭೆಯ ಪಾದ್ರಿ. ಅದೇ 1832ರಲ್ಲಿ ಮದರಾಸಿನಲ್ಲಿ ವಿಲಿಯಂ ರೀವ್ ಎಂಬ ಇಂಗ್ಲಿಷ್ ಮಿಷನರಿಯ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಆ ನಿಘಂಟನ್ನು ಹಿಂದಿಕ್ಕಲಿದ್ದ ಶಿಶು ಅದೇ ವರ್ಷ ಸಮುದ್ರದಾಚೆ ತೊಟ್ಟಿಲಲ್ಲಿ ಮಲಗಿತ್ತು. ಇಂಥ ಕಾಕತಾಳೀಯಗಳಿಗೆ ಹೆಚ್ಚಿನ ಅರ್ಥ ಹಚ್ಚಬಾರದೆಂದು ತತ್ತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದರು; ಆದರೂ ಮನಸ್ಸು ಒಂದು ಗಳಿಗೆ ಅಲ್ಲಿ ನಿಲ್ಲುತ್ತದೆ.

ಬಾಲಕನಿಗೆ ಭಾಷೆಗಳೆಂದರೆ ಪ್ರಾಣ. ಔರಿಖ್ ಪಟ್ಟಣದ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್, ಹೀಬ್ರೂಗಳ ಪರಿಚಯವಾಯಿತು. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ಶಿಕ್ಷಣಾಲಯವನ್ನು ಸೇರಿ, 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಭಾರತಕ್ಕೆ ಬಂದರು. ಮಿಷನ್ನು ಮಂಗಳೂರಿನಲ್ಲಿ 1834ರಲ್ಲಿಯೂ ಧಾರವಾಡದಲ್ಲಿ 1837ರಲ್ಲಿಯೂ ನೆಲೆಯೂರಿತ್ತು. ಕಿಟೆಲರ ಪಾಲಿಗೆ ಬಂದದ್ದು ಧಾರವಾಡ. ಹಳಿಯಾಳದಿಂದ ಬಸ್ಸಿನಲ್ಲಿ ನಾವು ಇಂದು ಒಂದು ಗಂಟೆಯೊಳಗೆ ತಲಪುವ ಅದೇ ಧಾರವಾಡ.

ಆ ಕಾಲದ ಕನ್ನಡದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಕನ್ನಡಿಗರು ಮದರಾಸು, ಮುಂಬಯಿ, ಮೈಸೂರು, ಹೈದರಾಬಾದು ಎಂದು ಹರಿದು ಹಂಚಿಹೋಗಿದ್ದರು. ನಮ್ಮ ಹಳಿಯಾಳ, ಮುಂಡಗೋಡಗಳನ್ನು ಒಳಗೊಂಡ ಉತ್ತರ ಕನ್ನಡವು 1862ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದು ಆನಂತರ ಮುಂಬಯಿಗೆ ಸೇರಿತು. ಧಾರವಾಡದ ಕಚೇರಿಗಳಲ್ಲಿ ಮರಾಠಿಯದೇ ಪ್ರಾಬಲ್ಯ. ಹಳಗನ್ನಡದ ಕಾವ್ಯಗಳು ಮಠಗಳಲ್ಲಿ, ಬಸದಿಗಳಲ್ಲಿ, ಮನೆಗಳ ಅಟ್ಟದಲ್ಲಿ ಓಲೆಗರಿಗಳಾಗಿ ಗೆದ್ದಲಿಗೆ ಆಹಾರವಾಗುತ್ತಿದ್ದವು. ಇಂಥ ಸಮಯದಲ್ಲಿ ಹೊರನಾಡಿನ ತರುಣನೊಬ್ಬ ಬಂದು, ಬೆಳಗಿನಿಂದ ರಾತ್ರಿಯವರೆಗೆ ಕನ್ನಡ ಕಲಿಯಲು ಕುಳಿತ.

ಕುಳಿತ ಎಂದೆವು, ಅದು ಅಷ್ಟು ಸರಿಯಲ್ಲ. ಕಿಟೆಲರು ನಡೆದವರು. ಹುಬ್ಬಳ್ಳಿ, ಧಾರವಾಡಗಳ ಸುತ್ತಣ ಹಳ್ಳಿಗಳನ್ನು ಕಾಲ್ನಡೆಯಲ್ಲಿಯೇ ಸುತ್ತಿದರು. ಬಂಗಲೆಯಲ್ಲಿ ವಾಸ, ಆಳುಕಾಳುಗಳ ಸೇವೆ, ಯೂರೋಪಿಯನ್ನರ ಊಟ ಇವು ಕ್ರಿಸ್ತನ ಸೇವಕನಿಗೆ ತಕ್ಕುದಲ್ಲವೆಂದು ಅವರಿಗೆ ತೋರಿತು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕು, ಅವರ ಊಟ ಉಣ್ಣಬೇಕು, ಅವರ ಮಾತು ಆಡಬೇಕು ಎಂಬ ಹಟ. ಎಲ್ಲರಿಗೂ ಎಲ್ಲವೂ ಆಗಬೇಕೆಂಬ ಸಂತ ಪೌಲರ ಆದರ್ಶವನ್ನು ಆ ತರುಣ ಅಕ್ಷರಶಃ ತೆಗೆದುಕೊಂಡಿದ್ದ.

ಹಾಗೆ ತೆಗೆದುಕೊಂಡವರಿಗೆ ಜೊತೆಗಾರರ ನಡುವೆ ಸುಖವಿಲ್ಲ. ಹಿರಿಯ ಮಿಷನರಿಗಳಿಗೆ ಕಿಟೆಲರ ಬಡತನವು ತಮ್ಮ ಮೇಲಿನ ಟೀಕೆಯಾಗಿ ಕಂಡಿತು. ಕಿಟೆಲರ ನಾಲಗೆಯೂ ಮೃದುವಲ್ಲ. ಮನಸ್ಸಿಗೆ ತೋರಿದ್ದನ್ನು ಮುಖಕ್ಕೆ ಹೇಳುವ ಸ್ವಭಾವ. ಅವರನ್ನು ಸಂತರನ್ನಾಗಿ ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಒಂದೇ ಮನೆಯಲ್ಲಿ ಅವರೊಡನೆ ಬಾಳುವುದು ಸುಲಭವಿರಲಾರದು. ಕೊನೆಗೆ ಅವರನ್ನು ಧಾರವಾಡ ಸೀಮೆಯಿಂದ ತೆಗೆದು, ನೀಲಗಿರಿಯ ಬೆಟ್ಟದಲ್ಲಿ ಬಡಗರ ನಡುವೆ ಇದ್ದ ಮಿಷನ್ ಕೇಂದ್ರಕ್ಕೆ ಕಳುಹಿಸಲಾಯಿತು. ಕನ್ನಡದ ಹೃದಯದಲ್ಲಿ ಇರಬಯಸಿದವನಿಗೆ ಕನ್ನಡನಾಡಿನ ಹೊರಗಿನ ಬೆಟ್ಟ! ವಿಧೇಯತೆಯ ವ್ರತವೆಂದರೇನೆಂಬುದನ್ನು ಬಲ್ಲ ನಮ್ಮಂಥ ಗುರುಗಳಿಗೆ ಇದರ ಕಹಿ ತಿಳಿಯದ್ದಲ್ಲ. ವರ್ಗಾವಣೆಯ ಕಾಗದ ಬಂದ ದಿನದ ರಾತ್ರಿಯನ್ನು ಶಿಕ್ಷಕ ಬಂಧುಗಳೂ ಬಲ್ಲರು.

ಆದರೆ ಕಿಟೆಲರು ಕನ್ನಡವನ್ನು ಬಿಡಲಿಲ್ಲ. ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು; ಅಲ್ಲಿಯೂ ಅವರ ಕಿವಿಗೆ ಕೆಲಸವಿತ್ತು.

ಮುಂದೆ ಅವರು ಮಂಗಳೂರಿಗೆ ಬಂದರು. ಮಂಗಳೂರಿನಲ್ಲಿ ಅವರಿಗಿಂತ ಹಿಂದೆ ಹೆರ್ಮನ್ ಮೋಗ್ಲಿಂಗರು ದಾರಿ ಹಾಕಿದ್ದರು. ಈ ಮೋಗ್ಲಿಂಗರು ಹುಟ್ಟು ಶಿಕ್ಷಕರು. ಹುಡುಗರನ್ನು ತಮ್ಮೊಡನೆ ಇರಿಸಿಕೊಂಡು ಪಾಠ ಹೇಳಿದವರು, 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವಾರ್ತಾಪತ್ರಿಕೆಯನ್ನು ಕೊಟ್ಟವರು, ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದವರು. ಜನರ ಕಾವ್ಯವನ್ನು ಓದದೆ ಜನರಿಗೆ ಬೋಧಿಸಲಾಗದೆಂಬ ಅವರ ನಿಲುವು ಕಿಟೆಲರಿಗೆ ಆಸರೆಯಾಯಿತು. ಕಿಟೆಲರೂ ಮಿಷನ್ನಿನ ಬೋಧಕರಾಗಿ, ಬರಹಗಾರರಾಗಿ ದುಡಿದರು. ಶಾಲೆಗಳ ಉಪಯೋಗಕ್ಕೆ ಪದ್ಯಸಂಗ್ರಹ, ವ್ಯಾಕರಣ ಮೊದಲಾದುವನ್ನು ಸಿದ್ಧಪಡಿಸಿದರು. 1862ರಲ್ಲಿ ಪ್ರಭು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿನ ರೂಪಕ್ಕೆ ತಂದ ಕಥಾಮಾಲೆ ಹೊರಬಂದಿತು. ಶುಭಸಂದೇಶವು ಪರದೇಶದ ರಾಗದಲ್ಲಿ ಬಂದರೆ ಕಿವಿಯಲ್ಲಿಯೇ ಉಳಿಯುತ್ತದೆ, ತನ್ನ ಊರಿನ ರಾಗದಲ್ಲಿ ಬಂದರೆ ಎದೆಗಿಳಿಯುತ್ತದೆ ಎಂಬುದನ್ನು ನಮ್ಮ ಧರ್ಮಸಭೆಯು ಆರಾಧನೆಯಲ್ಲಿ ಒಪ್ಪಿಕೊಳ್ಳಲು ಇನ್ನೂ ನೂರು ವರ್ಷ ಹಿಡಿಯಿತು.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಗುರುದೀಕ್ಷೆ ಪಡೆದ ಹೊಸದರಲ್ಲಿ ನಾವು ಬರೆದುಕೊಂಡು ಹೋಗಿ ಓದುತ್ತಿದ್ದ ಪ್ರಬೋಧನೆಗಳು ಬಹಳ ಶುದ್ಧವಾದ ಕನ್ನಡದಲ್ಲಿರುತ್ತಿದ್ದವು. ತಪಸ್ಸುಕಾಲದ ಒಂದು ಭಾನುವಾರ ಪಾಪನಿವೇದನೆಯ ಮಹತ್ವವನ್ನು ಕುರಿತು ಅರ್ಧ ತಾಸು ಮಾತನಾಡಿದೆವು. ಪೂಜೆಯ ಬಳಿಕ ಅಜ್ಜಿಯೊಬ್ಬರು ಬಂದು, ಈ ಪಾಪನಿವೇದನೆ ಎಂಬುದು ಮೇತ್ರಾಣಿಯವರು ಹೊಸತಾಗಿ ತಂದ ಕಟ್ಟಳೆಯೇ ಎಂದು ಕೊಂಕಣಿಯಲ್ಲಿ ವಿಚಾರಿಸಿದರು. ಅದು ಕುಮ್ಸಾರ್ ಎಂದು ಹೇಳಿದಾಗ ಬಾಯಿಗೆ ಸೆರಗು ಹಚ್ಚಿ ನಕ್ಕರು. ಅರ್ಧ ತಾಸು ನಾವು ಯಾರಿಗೆ ಬೋಧಿಸಿದೆವೋ ದೇವರೇ ಬಲ್ಲ.

ಕಿಟೆಲರಿಗೆ ಮರಳೋಣ. 1860ರಲ್ಲಿ ಪೌಲೀನ್ ಐಟ್ ಎಂಬಾಕೆಯೊಡನೆ ಅವರ ವಿವಾಹವಾಯಿತು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. ಮೂವತ್ತೆರಡು ವರ್ಷದ ವಿಧುರನ ಆ ದಿನಗಳ ಬಗ್ಗೆ ನಾವು ಊಹೆ ಮಾಡಿ ಬರೆಯುವುದು ಸಲ್ಲದು. 1867ರಲ್ಲಿ ಆಕೆಯ ಸೋದರಿ ಜೂಲಿಯವರನ್ನು ಅವರು ಮದುವೆಯಾದರು. ಮುಂದಿನ ದುಡಿಮೆಯ ವರ್ಷಗಳು ಬಹುಪಾಲು ಮಡಿಕೇರಿ, ಮಂಗಳೂರುಗಳಲ್ಲಿ ಕಳೆದವು.

ಈ ವರ್ಷಗಳಲ್ಲಿ ಅವರಿಂದ ಎರಡು ದೊಡ್ಡ ಕೆಲಸಗಳು ನಡೆದವು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಪ್ರಕಟಿಸಿದರು. ಮೊದಲನೆಯದು ವ್ಯಾಕರಣ, ಎರಡನೆಯದು ಛಂದಸ್ಸು; ಎರಡೂ ಜೈನ ಕವಿಗಳ ಕೃತಿಗಳು. ಒಬ್ಬ ಲೂಥರನ್ ಪಾದ್ರಿ ಜೈನ ಗ್ರಂಥಗಳ ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸಿ ಪಾಠ ನಿರ್ಣಯಿಸುತ್ತಿದ್ದಾನೆ. ಇದು ಮಿಷನ್ನಿನ ಕೆಲಸವೇ? ಈ ಪ್ರಶ್ನೆ ಕಿಟೆಲರ ತಲೆಯ ಮೇಲೆ ಜೀವಮಾನವಿಡೀ ತೂಗಿತು. ಮಿಷನ್ನಿನ ವರದಿಗಳಿಗೆ ಬೇಕಾದದ್ದು ಸ್ನಾನದೀಕ್ಷೆಗಳ ಸಂಖ್ಯೆ, ಹೊಸ ಸಭೆಗಳು, ಕೊಟ್ಟ ಬೋಧನೆಗಳ ಲೆಕ್ಕ. ಆ ಲೆಕ್ಕದಲ್ಲಿ ಕಿಟೆಲರ ಹೆಸರು ದೊಡ್ಡದಲ್ಲ. ಅವರ ಪದಗಳಿಗೆ ಆ ವರದಿಯಲ್ಲಿ ಕಾಲಮ್ಮೇ ಇರಲಿಲ್ಲವೆನ್ನಬಹುದು. ನಮ್ಮ ಅಕ್ಕೋರು ಒಂದು ಮಗುವಿಗೆ ಒಂದು ಪದವನ್ನು ಅರ್ಥ ಮಾಡಿಸಿದ್ದಕ್ಕೆ ಮೊಬೈಲಿನಲ್ಲಿ ಯಾವ ಕಾಲಮ್ಮೂ ಇಲ್ಲವಲ್ಲ, ಹಾಗೆ.

ಆದರೂ ನಿಘಂಟಿನ ಕೆಲಸ ನಡೆಯಿತು. ಎರಡು ದಶಕಗಳಿಗೂ ಮೀರಿ ನಡೆಯಿತು. ಆ ಕೆಲಸದ ರೀತಿಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬೇಕು. ಗಣಕಯಂತ್ರವಿಲ್ಲ, ಬೆರಳಚ್ಚೂ ಇಲ್ಲ. ಒಂದು ಪದ ಸಿಕ್ಕಿತು. ಅದು ಕಾವ್ಯದಲ್ಲಿದೆಯೇ, ಯಾವ ಕಾವ್ಯದಲ್ಲಿ, ಯಾವ ಅರ್ಥದಲ್ಲಿ ಎಂದು ಹುಡುಕಬೇಕು. ಆಡುಮಾತಿನಲ್ಲಿದೆಯೇ, ಇದ್ದರೆ ಯಾವ ಸೀಮೆಯಲ್ಲಿ ಎಂದು ವಿಚಾರಿಸಬೇಕು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧುಗಳಾರು ಎಂದು ನೋಡಬೇಕು. ಸಂಸ್ಕೃತದಿಂದ ಬಂದುದೋ, ಇಲ್ಲಿಂದಲೇ ಸಂಸ್ಕೃತಕ್ಕೆ ಹೋದುದೋ ಎಂದು ತೂಗಬೇಕು. ಆನಂತರ ಇಂಗ್ಲಿಷಿನಲ್ಲಿ ಅರ್ಥ. ಗಾದೆಯಿದ್ದರೆ ಗಾದೆ. ಮರದ ಹೆಸರಾಗಿದ್ದರೆ ಅದಕ್ಕೆ ಸಸ್ಯಶಾಸ್ತ್ರದ ಹೆಸರು. ದಾಂಡೇಲಿಯ ಕಾಡಿನಲ್ಲಿ ನಾವು ದಿನವೂ ಕಾಣುವ ಹೊನ್ನೆ, ಮತ್ತಿ, ತೇಗಗಳೆಲ್ಲ ಆ ಕೋಶದಲ್ಲಿ ಇವೆ. ಬಳಕೆ ತಪ್ಪಿದ ಹಳೆಯ ಱ, ೞ ಅಕ್ಷರಗಳನ್ನೂ ಅವರು ಬಿಡಲಿಲ್ಲ. ಪಂಡಿತರೂ ಜನಸಾಮಾನ್ಯರೂ ನೆರವಾದರು, ನಿಜ. ಆದರೆ ಬೆಳಗಾದರೆ ಮೇಜಿನ ಮುಂದೆ ಕುಳಿತು ನಿನ್ನೆ ಬಿಟ್ಟ ಪದದಿಂದ ಮುಂದಿನ ಪದಕ್ಕೆ ಹೋಗಬೇಕಾದವರು ಅವರೊಬ್ಬರೇ. ಇಂಥ ಪದಗಳು ಸುಮಾರು 70,000!

ನಮಗೆ ವೈಯಕ್ತಿಕವಾಗಿ ಅತ್ಯಂತ ಪ್ರಿಯವಾದ ಸಂಗತಿ ಇನ್ನೊಂದು. ಕೋಶದಲ್ಲಿ ಅನೇಕ ಪದಗಳ ಮುಂದೆ ಅವು ಯಾವ ಸೀಮೆಯಲ್ಲಿ ಬಳಕೆಯಲ್ಲಿವೆ ಎಂಬುದಕ್ಕೆ ಚಿಕ್ಕ ಗುರುತುಗಳಿವೆ. ಮೈಸೂರಿನದಕ್ಕೆ ಒಂದು, ಆಗ ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ಧಾರವಾಡ–ಬೆಳಗಾವಿ ಭಾಗದ್ದಕ್ಕೆ ಒಂದು. ಪುಟ ತಿರುವುತ್ತ ಹೋದಂತೆ ಈ ಎರಡನೆಯ ಗುರುತು ಮತ್ತೆ ಮತ್ತೆ ಎದುರಾಗುತ್ತದೆ. ಧೂಳಿನ ದಾರಿಯಲ್ಲಿ ನಡೆದ ತರುಣನನ್ನು ಮೇಲಿನವರು ಬೆಟ್ಟಕ್ಕೆ ಕಳುಹಿಸಿದರು. ಆತ ಕೇಳಿಸಿಕೊಂಡ ರೈತರ ಮಾತು, ಹೆಂಗಸರ ಮಾತು, ಸಂತೆಯ ಮಾತುಗಳನ್ನು ಮಾತ್ರ ಯಾರೂ ವರ್ಗಾಯಿಸಲಾಗಲಿಲ್ಲ. ಅವು ಸೀಮೆಯ ಹೆಸರು ಹೊತ್ತು ಕೋಶದಲ್ಲಿ ಕುಳಿತಿವೆ.

ಸಂತ ಥಾಮಸ್ ಅಕ್ವಿನಾಸರು ತಾಳ್ಮೆಯನ್ನೂ ಸ್ಥೈರ್ಯವನ್ನೂ ಬೇರೆ ಬೇರೆ ಸದ್ಗುಣಗಳೆಂದು ಎಣಿಸುತ್ತಾರೆ. ಬಂದ ದುಃಖಕ್ಕೆ ಮನಸ್ಸು ಕುಸಿಯದಂತೆ ಹಿಡಿಯುವುದು ತಾಳ್ಮೆ. ಒಳ್ಳೆಯ ಕೆಲಸವು ಬಹುಕಾಲ ಎಳೆದಾಗ, ಆ ಉದ್ದಕ್ಕೇ ಬೇಸರಗೊಂಡು ಕೈಬಿಡದಂತೆ ಕಾಯುವುದು ಸ್ಥೈರ್ಯ. ಗುರುಮಠದಲ್ಲಿ ಇದನ್ನು ಓದಿದಾಗ ಇಷ್ಟು ಸಣ್ಣ ಭೇದ ಏಕೆ ಎನಿಸಿತ್ತು. ಧರ್ಮಕೇಂದ್ರಗಳಲ್ಲಿ ಇಷ್ಟು ವರ್ಷ ಕಳೆದ ಮೇಲೆ ತಿಳಿಯುತ್ತಿದೆ. ಮನೆಯಲ್ಲಿ ಸಾವಾದಾಗ ಜನರು ತೋರುವ ವಿಶ್ವಾಸವನ್ನು ಕಂಡು ನಾವು ಎಷ್ಟೋ ಸಲ ತಲೆಬಾಗಿದ್ದೇವೆ. ಅದೇ ಜನರು, ನಾವೂ ಸೇರಿ, ನಲ್ಲಿಯಲ್ಲಿ ನೀರು ಬಾರದಿದ್ದರೆ, ಕಚೇರಿಯಲ್ಲಿ ನಾಳೆ ಬಾ ಎಂದರೆ, ಮೂರು ಸಲ ಹೇಳಿಕೊಟ್ಟ ಮಗ್ಗಿಯನ್ನು ಮಗು ನಾಲ್ಕನೆಯ ಸಲವೂ ತಪ್ಪಿದರೆ, ದೇವರನ್ನು ಮರೆತು ಸಿಡಿಯುತ್ತೇವೆ. ದೊಡ್ಡ ದುಃಖವು ಬಾಗಿಲು ತಟ್ಟಿ ಬರುವುದರಿಂದ ಪ್ರಾರ್ಥಿಸಲು ಎಚ್ಚರವಾಗುತ್ತದೆ. ಸಣ್ಣ ಕಿರಿಕಿರಿ ಬಾಗಿಲ ಸಂದಿಯಿಂದ ನುಸುಳುತ್ತದೆ. ಕಿಟೆಲರ ಬಾಳಿನಲ್ಲಿ ಪತ್ನೀವಿಯೋಗದಂಥ ದೊಡ್ಡ ಪೆಟ್ಟೂ ಇತ್ತು. ಆದರೆ ಅವರು ಹೆಚ್ಚು ದಿನ ಸೆಣಸಿದ್ದು ಎರಡನೆಯ ಬಗೆಯದರೊಡನೆ.

ಆರೋಗ್ಯ ಕೆಟ್ಟು 1877ರಲ್ಲಿ ಅವರು ಜರ್ಮನಿಗೆ ಮರಳಿದರು. ಕೋಶ ಮುಗಿದಿರಲಿಲ್ಲ. ಅಲ್ಲಿಗೇ ಕೈಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ಅದನ್ನು ಮುಗಿಸುವುದಕ್ಕಾಗಿಯೇ ಮತ್ತೆ ಭಾರತಕ್ಕೆ ಬಂದರು.

ಅವರು ಬಂದ ಆ 1883ರಲ್ಲಿ ಮಂಗಳೂರಿನಲ್ಲಿ ಇನ್ನೊಂದು ನಿಘಂಟು ಹೊರಬಂದಿತ್ತು. ಅದು ಕೊಂಕಣಿಯದು; ರಚಿಸಿದವರು ಯೇಸುಸಭೆಯ ಇಟಾಲಿಯನ್ ಗುರು ಆಂಜೆಲೊ ಮಾಫೆಯಿಯವರು. ಅದರ ಹಿಂದಿನ ವರ್ಷ ಅವರ ಕೊಂಕಣಿ ವ್ಯಾಕರಣ ಬಂದಿತ್ತು. ನಮ್ಮ ಮನೆಗಳ ಮಾತಿಗೆ ಈ ಗೌರವ ದೊರಕಿಸಿದ ಪೂಜ್ಯ ಮಾಫೆಯಿಯವರ ಹೆಸರು ಇಂದಿನ ಎಷ್ಟು ಕಥೋಲಿಕ ಕುಟುಂಬಗಳಿಗೆ ತಿಳಿದಿದೆಯೋ ಕಾಣೆವು. ಈ ಎರಡು ಪುಸ್ತಕಗಳು ಅಚ್ಚಾದದ್ದು ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ! ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಅಷ್ಟಾಗಿ ಹೊಂದಿಬಾರದ ಕಾಲದಲ್ಲಿ, ಜೆಸುಯಿಟ್ ಗುರುವಿನ ಹಸ್ತಪ್ರತಿಗೆ ಬಾಸೆಲ್ ಮಿಷನ್ನಿನ ಅಚ್ಚಿನ ಮೊಳೆಗಳು ಒದಗಿದವು. ಐಕ್ಯದ ಆದೇಶ ಹೊರಡಲು ಆಗ ಇನ್ನೂ ಎಂಬತ್ತು ವರ್ಷಗಳಿದ್ದವು.

ಒಂಬತ್ತು ವರ್ಷ ದುಡಿದು 1892ರಲ್ಲಿ ಕಿಟೆಲರು ಕೊನೆಯ ಸಲ ಈ ನೆಲವನ್ನು ಬಿಟ್ಟರು. 1894ರಲ್ಲಿ ಅದೇ ಮುದ್ರಣಾಲಯದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. 1,700ಕ್ಕೂ ಮೀರಿದ ಪುಟಗಳ ಒಂದೇ ಮಹಾಸಂಪುಟ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ಇಷ್ಟಾದ ಮೇಲಾದರೂ ವಿಶ್ರಮಿಸಬಹುದಿತ್ತು. ಅವರು ಕನ್ನಡ ವ್ಯಾಕರಣಕ್ಕೆ ಕುಳಿತರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಆ ಗ್ರಂಥ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಗೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗೆನ್ ನಗರದಲ್ಲಿ ಎಪ್ಪತ್ತೊಂದರ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಪ್ರತಿಮೆಯಿದೆ. ಕೋಶವನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಮೇಲೆ ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ನಮ್ಮ ಕಪಾಟಿನಲ್ಲಿರುವುದು ಅದೇ.

ಮುಂದಿನ ಭಾನುವಾರ ಅಕ್ಕೋರು ಬಂದಾಗ ಇದನ್ನೆಲ್ಲ ಅವರಿಗೆ ಹೇಳಿದೆವು. ಜಪಸರದ ನಡುವೆ ಹಾಜರಿಪುಸ್ತಕ ನೆನಪಾದರೆ, ಅದರಲ್ಲಿರುವ ಹೆಸರುಗಳನ್ನೇ ಒಂದೊಂದು ಮಣಿಗೆ ಒಂದೊಂದರಂತೆ ಹೇಳಿಬಿಡಿರೆಂದೂ ಸೇರಿಸಿದೆವು. ಅವರು ಅದಕ್ಕೆ ಏನೂ ಹೇಳಲಿಲ್ಲ. ಕಪಾಟಿನ ಮುಂದೆ ನಿಂತು ಒಂದು ಸಂಪುಟವನ್ನು ತೆರೆದು, ತಮ್ಮ ಹಳ್ಳಿಯ ಮಕ್ಕಳು ಬಳಸುವ ಪದವೊಂದು ಇದೆಯೇ ಎಂದು ಹುಡುಕತೊಡಗಿದರು. ಮಳೆ ಜೋರಾಯಿತು. ಬಸ್ಸಿನ ಹೊತ್ತಾಯಿತೆಂದು ನಾವೇ ನೆನಪಿಸಬೇಕಾಯಿತು. ಸಂಪುಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋದರು. ಅದು ಇನ್ನೂ ನಮ್ಮ ಕಪಾಟಿಗೆ ಮರಳಿಲ್ಲ, ನಾವೂ ಕೇಳಿಲ್ಲ.